ಮನಸಾರೆ ಪ್ರೀತಿಸಿ ನೊಂದವರ ಹಾಡು: ಕೊರಿಯನ್ ಬ್ಯಾಲಡ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

## ಮೊದಲ ಪರಿಚಯ

ಬ್ಯಾಲಡ್ ಅಂದ್ರೆ ಲಾವಣಿ ತಾನೇ? ಇದರಲ್ಲಿ ಕಥೆಯೇ ಇಲ್ವಲ್ಲ?

ನಿಘಂಟಿನಲ್ಲಿ ಬ್ಯಾಲಡ್ ಎಂದರೆ ಲಾವಣಿ ಅಥವಾ ಕಥನಗೀತೆ. ಕೊರಿಯಾದಲ್ಲಿ ‘ಪಲ್ಲಾದು’ ಎಂದರೆ ಅದಲ್ಲ. ನಿಧಾನ ಲಯ, ಪಿಯಾನೊ, ಪಿಟೀಲುಗಳ ಮೇಳ ಮತ್ತು ಮುಂದೆ ನಿಂತ ಒಂಟಿ ದನಿ ಇರುವ ಪ್ರೇಮಗೀತೆಗೆ ಅಲ್ಲಿ ಆ ಹೆಸರು. ಹೆಚ್ಚಿನ ಹಾಡುಗಳು ಅಗಲಿಕೆಯವು. ಘಟನೆ ಮುಗಿದ ಮೇಲೆ ಹಾಡು ಶುರುವಾಗುತ್ತದೆ. ಯಾರು ಯಾರನ್ನು ಬಿಟ್ಟರು, ಯಾಕೆ ಎನ್ನುವುದು ಎಷ್ಟೋ ಹಾಡುಗಳಲ್ಲಿ ಕೊನೆವರೆಗೂ ಗೊತ್ತಾಗುವುದಿಲ್ಲ. ನಮ್ಮಲ್ಲಿ ಹೋಲಿಕೆ ಬೇಕಿದ್ದರೆ ಲಾವಣಿಯನ್ನು ಬಿಟ್ಟು ಭಾವಗೀತೆಯ ಕಡೆ ನೋಡಿ. ಅಲ್ಲಿಯೂ ಒಂದು ವ್ಯತ್ಯಾಸವಿದೆ: ಭಾವಗೀತೆಯಲ್ಲಿ ಕವಿತೆ ಮೊದಲು, ರಾಗ ಆಮೇಲೆ. ಕೊರಿಯನ್ ಬ್ಯಾಲಡ್‌ನಲ್ಲಿ ಹೆಚ್ಚಾಗಿ ಟ್ಯೂನ್ ಮೊದಲು. ಅರ್ಥವಿಲ್ಲದ ಪದ ತುಂಬಿ ಹಾಡಿದ ‘ಗೈಡ್’ ಧ್ವನಿಮುದ್ರಣ ಸಾಹಿತಿಯ ಕೈಗೆ ಬರುತ್ತದೆ, ಅಕ್ಷರ ಎಣಿಸಿ ಬರೆಯುವುದು ಅವರ ಪಾಡು. ನಮ್ಮ ಸಿನಿಮಾ ಹಾಡಿನ ಕಥೆಯೂ ಅದೇ.

ಇದು ಕೆ-ಪಾಪ್‌ನೊಳಗೇ ಬರುತ್ತಾ?

ಹೊರಗಿನವರ ಲೆಕ್ಕದಲ್ಲಿ ಹೌದು. ಕೊರಿಯಾದವರು ಐಡಲ್ ತಂಡಗಳ ಕುಣಿತದ ಹಾಡು, ಬ್ಯಾಲಡ್, ಟ್ರಾಟ್ ಎಂದು ಬೇರೆ ಬೇರೆ ಮಾಡಿಯೇ ಮಾತಾಡುತ್ತಾರೆ. ಟ್ರಾಟ್ ಹಳೆಯ ಎರಡು ಪೆಟ್ಟಿನ ಲಯದ್ದು, ಸ್ವರವನ್ನು ಮುರಿದು ಹಾಡುವ ‘ಕ್ಕೊಕ್ಕಿ’ ಅದರ ಗುರುತು. ಬ್ಯಾಲಡ್‌ನಲ್ಲಿ ಸ್ವರ ನೇರವಾಗಿ ನಿಲ್ಲಬೇಕು.

ಎಲ್ಲಿಂದ ಕೇಳೋಕೆ ಶುರು ಮಾಡಲಿ?

1980ರ ದಶಕದ ನಡುವಿನಿಂದ. 1985ರಲ್ಲಿ ಗಾಯಕ ಲೀ ಮೂನ್-ಸೇ ಅವರ ಮೂರನೇ ಆಲ್ಬಮ್ ಬಂತು. ಸಂಗೀತ ಲೀ ಯಂಗ್-ಹೂನ್ ಅವರದು. ಇಬ್ಬರ ಜೊತೆಗಾರಿಕೆ ಕೊರಿಯನ್ ಬ್ಯಾಲಡ್‌ನ ಮಾತಿನ ಧಾಟಿಯನ್ನು ನೆಲೆಗೊಳಿಸಿತು. 1987ರ ಆಗಸ್ಟ್‌ನಲ್ಲಿ ಯೂ ಜೇ-ಹಾ ಎಂಬ ಯುವಕ ತಾನೇ ಬರೆದು, ರಾಗ ಹಾಕಿ, ವಾದ್ಯ ಸಂಯೋಜಿಸಿ ಹಾಡಿದ ಆಲ್ಬಮ್ ಹೊರಬಂತು. ಆತ ಹಾನ್ಯಾಂಗ್ ವಿಶ್ವವಿದ್ಯಾಲಯದಲ್ಲಿ ಸಂಯೋಜನೆ ಕಲಿತವರು. ಆ ವರ್ಷದ ನವೆಂಬರ್ 1ರಂದು ಕಾರು ಅಪಘಾತದಲ್ಲಿ ತೀರಿಕೊಂಡರು, 25 ವರ್ಷ. ಇರುವುದು ಅದೊಂದೇ ಆಲ್ಬಮ್. ಮುಂದಿನ ತಲೆಮಾರಿನ ಸಂಯೋಜಕರಲ್ಲಿ ಅದರ ನೆರಳು ಬೀಳದವರನ್ನು ಹುಡುಕುವುದು ಕಷ್ಟ.

ಆಮೇಲೆ 1990ರಲ್ಲಿ ಬಂದ ಶಿನ್ ಸಂಗ್-ಹುನ್, ‘ಬ್ಯಾಲಡ್ ಸಾಮ್ರಾಟ’ ಎಂದೇ ಹೆಸರಾದವರು. 2004ರಿಂದ ಎಸ್‌ಜಿ ವಾನ್ನಾಬಿ ತಂಡ. ಎದೆಯಾಳದಿಂದ ಎಳೆದೆಳೆದು ಹಾಡುವ ಆ ಕಾಲದ ಶೈಲಿಗೆ ಕೊರಿಯನ್ನರು ತಮಾಷೆಗೆ ‘ಸೊಮೊರಿ’ ಎಂದರು, ಅಂದರೆ ದನ ಅಟ್ಟುವ ದನಿ. 2008ರಲ್ಲಿ ಬೇಕ್ ಜಿ-ಯಂಗ್ ಹಾಡಿದ, ಗುಂಡೇಟು ತಿಂದವಳ ಹೋಲಿಕೆಯ ಹಾಡನ್ನು ಕೇಳಿ. ಅದರ ಸಂಯೋಜಕ ಬಾಂಗ್ ಶಿ-ಹ್ಯೊಕ್, ಬಿಟಿಎಸ್ ತಂಡವನ್ನು ಕಟ್ಟಿದ ಅದೇ ಮನುಷ್ಯ. ಈ ಕ್ರಮದಲ್ಲಿ ಕೇಳಿದರೆ ದನಿ ಹೇಗೆ ದಶಕದಿಂದ ದಶಕಕ್ಕೆ ಏರುತ್ತಾ, ಜೋರಾಗುತ್ತಾ ಹೋಯಿತು ಎಂಬುದು ಕಿವಿಗೇ ತಿಳಿಯುತ್ತದೆ. ನಮ್ಮ ಮತ 1987ರ ಆ ಆಲ್ಬಮ್‌ಗೇ.

ಡ್ರಾಮಾದಲ್ಲಿ ಕೇಳಿದ ಹಾಡು ಎಷ್ಟು ಹುಡುಕಿದ್ರೂ ಸಿಗ್ತಿಲ್ಲ, ಏನ್ಮಾಡ್ಲಿ?

ಡ್ರಾಮಾ ಪ್ರಸಾರವಾಗುತ್ತಿರುವಾಗಲೇ ಹಾಡುಗಳು ಪಾರ್ಟ್ 1, ಪಾರ್ಟ್ 2 ಎಂದು ಒಂದೊಂದಾಗಿ ಬಿಡುಗಡೆಯಾಗುತ್ತವೆ, ಎಲ್ಲ ಸೇರಿದ ಆಲ್ಬಮ್ ಕೊನೆಗೆ. ಹಾಗಾಗಿ ಡ್ರಾಮಾದ ಹೆಸರು, ಒಎಸ್‌ಟಿ (ಡ್ರಾಮಾದ ಹಾಡುಗಳ ಸಂಗ್ರಹಕ್ಕೆ ಇರುವ ಹೆಸರು), ಪಾರ್ಟ್ ಸಂಖ್ಯೆ ಹಾಕಿ ಹುಡುಕಿ. ಒಂದೇ ಹಾಡಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕು ಥರ ಬರೆಯುವುದರಿಂದ, ಒಮ್ಮೆ ಸಿಕ್ಕ ಕೂಡಲೇ ಕೊರಿಯನ್ನರ ಹಂಗುಲ್ ಲಿಪಿಯ ಹೆಸರನ್ನು ಕಾಪಿ ಮಾಡಿಟ್ಟುಕೊಳ್ಳಿ. ‘ಇನ್‌ಸ್ಟ್’ ಎಂದಿದ್ದರೆ ದನಿ ಇಲ್ಲದ ಪಕ್ಕವಾದ್ಯ ಮಾತ್ರ. ಹಾಡಿ ಅಭ್ಯಾಸ ಮಾಡುವವರಿಗೆ ಬೇಕಾದದ್ದು ಅದೇ.

ಕೊರಿಯನ್ನರಿಗೆ ‘ಹಾನ್’ ಅನ್ನೋ ದುಃಖ ರಕ್ತದಲ್ಲೇ ಇದೆ, ಅದಕ್ಕೇ ಹೀಗೆ ಹಾಡ್ತಾರೆ ಅಂತಾರೆ. ನಿಜವೇ?

ಕೇಳಲು ಚಂದ, ವಿವರಣೆಯಾಗಿ ಸಡಿಲ. ಕೊರಿಯಾದ ಸೌಂದರ್ಯವೆಂದರೆ ದುಃಖದ ಸೌಂದರ್ಯ ಎಂಬ ಮಾತನ್ನು ಬಲವಾಗಿ ಹರಡಿದವರಲ್ಲಿ ವಸಾಹತು ಕಾಲದ ಜಪಾನಿ ಲೇಖಕ ಯಾನಾಗಿ ಮುನೆಯೊಶಿ ಒಬ್ಬರು. ಆಮೇಲೆ ಕೊರಿಯನ್ನರೇ ಅದರ ಬಗ್ಗೆ ಬೇಕಾದಷ್ಟು ಜಗಳವಾಡಿದ್ದಾರೆ. ಬ್ಯಾಲಡ್ ಹುಟ್ಟಿದ್ದು 1980ರ ದಶಕದ ನಗರದಲ್ಲಿ, ಅಮೆರಿಕದ ಪಾಪ್ ಮತ್ತು ಜಾಝ್ ಸ್ವರಮೇಳ ಕೇಳಿ ಬೆಳೆದ ಹುಡುಗರ ಕೈಯಲ್ಲಿ. ರಕ್ತದ ಮಾತು ಬಿಟ್ಟು ಭಾಷೆಯನ್ನು ನೋಡಿದರೆ ಹೆಚ್ಚು ಸಿಗುತ್ತದೆ.

## ಮಾತು, ಅರ್ಥ

ಪ್ರತಿ ಹಾಡಿನಲ್ಲೂ ಬರೋ ಪದಗಳು ಯಾವುವು? ಮೊದಲು ಯಾವುದನ್ನು ಕಲಿಯಲಿ?

ಹನ್ನೊಂದು ಪದ ಸಾಕು, ಅರ್ಧ ಹಾಡು ಅರ್ಥವಾಗುತ್ತದೆ. ಸರಂಗ್ ಎಂದರೆ ಪ್ರೀತಿ, ಇಬ್ಯೊಲ್ ಅಗಲಿಕೆ, ಛುಅಕ್ ನೆನಪು, ಛೊತ್ಸರಂಗ್ ಮೊದಲ ಪ್ರೀತಿ, ಚ್ಚಕ್ಸರಂಗ್ ಒಮ್ಮುಖ ಪ್ರೀತಿ. ನುನ್ಮುಲ್ ಎಂಬ ಪದವನ್ನು ಬಿಡಿಸಿ ನೋಡಿ: ನುನ್ ಅಂದರೆ ಕಣ್ಣು, ಮುಲ್ ಅಂದರೆ ನೀರು. ಕಣ್ಣೀರು! ನುನ್ ಎಂದರೆ ಹಿಮವೂ ಹೌದು. ಅದಕ್ಕೇ ಚಳಿಗಾಲದ ಹಾಡುಗಳಲ್ಲಿ ಹಿಮ ಬಿದ್ದಾಗ ಸಾಹಿತಿಗಳಿಗೆ ಕೈ ಸುಮ್ಮನಿರುವುದಿಲ್ಲ.

ಇಂಗ್ಲಿಷ್ ಸಬ್‌ಟೈಟಲ್ ಎರಡಕ್ಕೂ ‘ಹಾರ್ಟ್’ ಎನ್ನುತ್ತದೆ, ಆದರೆ ಕಾಸುಮ್ ಬೇರೆ, ಮಾಉಮ್ ಬೇರೆ. ಕಾಸುಮ್ ನಮ್ಮ ಎದೆ, ಮಾಉಮ್ ನಮ್ಮ ಮನಸ್ಸು. ನೇರವಾಗಿ ಕನ್ನಡಕ್ಕೆ ತಂದುಕೊಂಡರೆ ಗೊಂದಲವೇ ಇಲ್ಲ.

ಸಾಂಗ್‌ಛೊ ಎಂದರೆ ಗಾಯ. ಕೊರಿಯನ್‌ನಲ್ಲಿ ಮನಸ್ಸಿನ ಗಾಯವನ್ನು ‘ಕೊಡುತ್ತಾರೆ’, ‘ಪಡೆಯುತ್ತಾರೆ’. ನಾವು ನೋವು ಕೊಟ್ಟ, ನೋವುಂಡೆ ಅನ್ನುವಂತೆ. ಮಿರ್ಯೊನ್ ಎಂದರೆ ಮುಗಿದದ್ದನ್ನು ಬಿಡಲಾರದೆ ಜಗ್ಗುವ ಮನಸ್ಸು. ಇದೇ ಸದ್ದಿನ ಇನ್ನೊಂದು ಪದಕ್ಕೆ ದಡ್ಡತನ ಎಂದರ್ಥ. ನಿಘಂಟಿನ ಪ್ರಕಾರ ಎರಡಕ್ಕೂ ಸಂಬಂಧವಿಲ್ಲ, ಹಾಡು ಕೇಳುವವರಿಗೆ ಇದೆ.

ಕೊನೆಯದು ಜಿನ್‌ಶಿಮ್: ನಿಜವಾದ ಮನಸ್ಸು. ‘ಜಿನ್’ ಅಂದರೆ ನಿಜ. ಹಾಡುಗಾರರು ಎದೆಯಿಂದ ಬರುವ ತುಂಬು ದನಿಗೆ ಜಿನ್‌ಸಂಗ್ ಎನ್ನುತ್ತಾರೆ, ನಿಜದನಿ. ಎತ್ತರದ ತೆಳುದನಿಗೆ (ಫಾಲ್ಸೆಟೊ) ಕಾಸಂಗ್, ಸುಳ್ಳುದನಿ. ನಿಜಮನಸ್ಸಿನ ಹಾಡು ಅತಿ ನೋವಿನ ಜಾಗಕ್ಕೆ ಬಂದಾಗ ಸುಳ್ಳುದನಿಗೆ ಜಾರುವುದು ಈ ಪ್ರಕಾರದ ಮಾಮೂಲಿ ನಡೆ.

ಸಬ್‌ಟೈಟಲ್ ಸಪ್ಪೆ ಅನ್ಸುತ್ತೆ. ಮೂಲದಲ್ಲಿ ಏನೋ ಬೇರೆ ಹೇಳ್ತಿದ್ದಾರಾ?

ಹೇಳುವುದು ಅದನ್ನೇ, ವಾಕ್ಯದ ಬಾಲ ಬೇರೆ. ಕೊರಿಯನ್ ಕೂಡ ಕನ್ನಡದ ಹಾಗೆ ಕರ್ತೃ, ಕರ್ಮ, ಕೊನೆಗೆ ಕ್ರಿಯಾಪದ. ‘ನಾನುನ್ ನೊರುಲ್ ಸರಂಗ್‌ಹೆತ್ತ’ ಅಂದರೆ ಪದಕ್ಕೆ ಪದ ‘ನಾನು ನಿನ್ನನ್ನು ಪ್ರೀತಿಸಿದೆ’. ಭಾವವೆಲ್ಲ ಕ್ರಿಯಾಪದದ ತುದಿಯಲ್ಲಿ ಅಂಟಿಕೊಂಡಿರುತ್ತದೆ. ಇಂಗ್ಲಿಷ್‌ಗೆ ಹೋಗುವಾಗ ಉದುರುವುದು ಅದೇ ತುದಿ.

‘ನುಂದೆ’ ಎಂದು ಮುಗಿದರೆ ವಾಕ್ಯ ನೇತಾಡುತ್ತಿದೆ ಎಂದರ್ಥ: ‘ಸರಂಗ್‌ಹೆನ್ನುಂದೆ’ ಎಂದರೆ ‘ಪ್ರೀತಿಸಿದ್ದೆನಲ್ಲ…’. ಆಮೇಲಿನದನ್ನು ಹೇಳುವುದಿಲ್ಲ. ‘ಜಾನಾ’ ಬಂದರೆ ‘ಅಲ್ವಾ, ನಿಂಗೇ ಗೊತ್ತಲ್ಲ’ ಎಂಬ ಆಕ್ಷೇಪಣೆ. ‘ನಾ ಪ್ವಾ’ ಬಂದರೆ ‘ಅನ್ಸುತ್ತೆ’: ತನ್ನ ಮನಸ್ಸನ್ನೇ ಹೊರಗಿನಿಂದ ನೋಡಿ ‘ಮರೆತೆ ಅನ್ಸುತ್ತೆ’ ಎಂದಂತೆ. ‘ಪೊಗೊ ಶಿಪ್ತ’ವನ್ನು ಇಂಗ್ಲಿಷ್‌ನಲ್ಲಿ ‘ಮಿಸ್ ಯೂ’ ಎಂದು ಮುಗಿಸುತ್ತಾರೆ. ಅದು ‘ನೋಡಬೇಕು ಅನ್ನಿಸ್ತಿದೆ’.

ಒಂದು ಕಡೆ ಕನ್ನಡಕ್ಕೆ ಮೂಲಕ್ಕಿಂತ ಹೆಚ್ಚಿನ ಬಲವಿದೆ. ‘ಕಾಲ್ಗೆ’ ಎಂದರೆ ‘ಹೋಗ್ತೀನಿ’. ಕೊರಿಯನ್ನರು ದಿನವೂ ಆಡುವ ಮಾತದು. ನಾವು ಹೊರಡುವಾಗ ‘ಬರ್ತೀನಿ’ ಅನ್ನುವವರು, ‘ಹೋಗ್ತೀನಿ’ ಅಂದರೆ ಮನೆಯವರು ಗದರುತ್ತಾರೆ. ಅಗಲಿಕೆಯ ಹಾಡಿನಲ್ಲಿ ಆ ಮಾತನ್ನು ಹಾಗೇ ಇಡಿ.

ಹಾಡಿನಲ್ಲಿ ಬಿಟ್ಟು ಹೋದದ್ದು ಅವನಾ ಅವಳಾ? ಗೊತ್ತೇ ಆಗಲ್ವಲ್ಲ?

ಗೊತ್ತಾಗಬೇಕಿಲ್ಲ. ‘ಕತ್ತ’ ಎಂಬ ಕ್ರಿಯಾಪದಕ್ಕೆ ಹೋದೆ, ಹೋದೆಯಾ, ಹೋದ, ಹೋದಳು ಎಲ್ಲವೂ ಅರ್ಥ. ಕನ್ನಡದಲ್ಲಿ ಹಾಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ, ಪ್ರತ್ಯಯವೇ ಲಿಂಗ ಹೇಳಿಬಿಡುತ್ತದೆ. ಅನುವಾದಿಸುವಾಗ ಆದಷ್ಟೂ ಮಧ್ಯಮ ಪುರುಷದಲ್ಲಿ ಇಡಿ: ‘ಹೋದೆ ನೀನು’. ‘ನೊ’ ಬಂದರೆ ನೀನು. ‘ಕುದೆ’ ಬಂದರೂ ನೀನು, ಆದರೆ ಮಾತಿನಲ್ಲಿ ಯಾರೂ ಬಳಸದ ಕಾವ್ಯದ ನೀನು. ಅದಕ್ಕೆ ‘ನೀವು’ ಹಾಕಿದರೆ ಆಫೀಸಿನ ಪತ್ರವಾಗುತ್ತದೆ.

ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಹಾಡಿದ್ರೆ ಉಚ್ಚಾರ ಸರಿ ಬರುತ್ತಾ?

ಇಂಗ್ಲಿಷ್ ಅಕ್ಷರಕ್ಕಿಂತ ಎಷ್ಟೋ ವಾಸಿ. ಕೊರಿಯನ್‌ನ ಉಸಿರು ತುಂಬಿದ ವ್ಯಂಜನಗಳಿಗೆ ನಮ್ಮ ಖ, ಛ, ಥ ಇವೆ. ಬಿಗಿದ ವ್ಯಂಜನಗಳಿಗೆ ‘ಅಕ್ಕ’ದ ಕ್ಕ ಹತ್ತಿರ. ಮೂರನೆಯ ಗುಂಪು ಪದದ ಮೊದಲಲ್ಲಿ ಕ-ಗ ನಡುವೆ, ಸ್ವರಗಳ ನಡುವೆ ಶುದ್ಧ ಗ. ತೊಡಕಿರುವುದು ಎರಡು ಸ್ವರಗಳಲ್ಲಿ. ಒಂದು, ‘ಕಾಲೇಜು’ ಪದದ ಮೊದಲ ಸ್ವರವನ್ನು ಇಂಗ್ಲಿಷ್ ರೀತಿಯಲ್ಲಿ, ಗಿಡ್ಡವಾಗಿ ಹೇಳಿದಂಥದ್ದು. ಇನ್ನೊಂದು, ತುಟಿ ದುಂಡಗೆ ಮಾಡದೆ ಹೇಳುವ ಉ. ತುಳು ಬಲ್ಲವರಿಗೆ ಇದು ಬಾಯಲ್ಲೇ ಇದೆ, ಪದದ ಕೊನೆಯ ಆ ಅರೆ ಉಕಾರ. ಉಳಿದವರು ಹಲ್ಲು ಕಿರಿದು ಉ ಹೇಳಿ ಅಭ್ಯಾಸ ಮಾಡಿ.

ಬರೆದದ್ದು ಒಂದು, ಹಾಡುವುದು ಒಂದು ಎಂಬ ದೂರು ಸಾಮಾನ್ಯ. ಅದು ಸಂಧಿ. ಛೊತ್ ಮತ್ತು ನುನ್ ಸೇರಿ ಛೊನ್ನುನ್, ಅಂದರೆ ಮೊದಲ ಹಿಮ. ಸತ್ ಮತ್ತು ಮಾನ ಸೇರಿ ಸನ್ಮಾನ ಆದಂತೆ. ನುನ್ಮುಲ್ ಮುಂದೆ ‘ಇ’ ಬಂದರೆ ನುನ್ಮುರಿ: ಪದಾಂತ್ಯದ ಲ್ ಸ್ವರದ ಮುಂದೆ ರ ಆಗುತ್ತದೆ. ಸ ಮುಂದೆ ಇ ಬಂದರೆ ಶಿ.

ಹಾಡುವಾಗ ಹೆಚ್ಚು ಕೆಡುವುದು ‘ಸರಂಗ್’ ಪದವೇ. ಕೊನೆಯ ಮೂಗಿನ ಸದ್ದನ್ನು ಬೇಗ ಮುಚ್ಚಿದರೆ ಸ್ವರ ಸಾಯುತ್ತದೆ. ‘ರಾ’ ಮೇಲೆ ನಿಂತು, ಸ್ವರ ಬಿಡುವ ಕೊನೆ ಗಳಿಗೆಯಲ್ಲಿ ಮುಚ್ಚಿ. ಗ ಕೇಳಿಸಕೂಡದು.

## ಹಾಡುವುದು

ಒಂದು ಬ್ಯಾಲಡ್ ಹೇಗೆ ಕಟ್ಟಿರ್ತಾರೆ?

ವೇಗ ನಿಮಿಷಕ್ಕೆ 60ರಿಂದ 80 ಪೆಟ್ಟು, ಉದ್ದ ನಾಲ್ಕರಿಂದ ಐದು ನಿಮಿಷ. ನಾಲ್ಕು ಅಥವಾ ಎಂಟು ಬಾರ್ (ತಾಳದ ಆವರ್ತ) ಪಿಯಾನೊ, ಮೊದಲ ಚರಣ ಮಾತಾಡುವ ಎತ್ತರದಲ್ಲಿ, ಪಲ್ಲವಿಯತ್ತ ಏರಿಸುವ ಸೇತುವೆಯಂಥ ಸಾಲುಗಳು, ಸುಮಾರು ಒಂದು ನಿಮಿಷ ದಾಟಿದ ಮೇಲೆ ಪಲ್ಲವಿ. ಸಂಗೀತಗಾರರು ಅದಕ್ಕೆ ಜಪಾನಿಯಿಂದ ಬಂದ ‘ಸಬಿ’ ಎಂಬ ಪದವನ್ನೇ ಬಳಸುತ್ತಾರೆ. ಎರಡನೇ ಚರಣಕ್ಕೆ ಡ್ರಮ್ಸ್, ಪಿಟೀಲುಗಳು ಸೇರುತ್ತವೆ. ಎರಡನೇ ಪಲ್ಲವಿ ಆದ ಮೇಲೆ ಹೊಸ ರಾಗದ ತಿರುವು, ಅಲ್ಲಿಂದ ಶ್ರುತಿ ಏರಿಸಿ ಕೊನೆಯ ಪಲ್ಲವಿ. ಕೊನೆಗೆ ವಾದ್ಯಗಳೆಲ್ಲ ಸರಿದು, ಮೊದಲ ಸಾಲಿನ ಹತ್ತಿರದ ಒಂದು ಸಾಲು ಬರಿ ಪಿಯಾನೊ ಜೊತೆ. ನಮ್ಮಲ್ಲಿ ಪಲ್ಲವಿಯಿಂದ ಶುರು, ಅಲ್ಲಿ ಪಲ್ಲವಿಗೆ ಕಾಯಿಸುತ್ತಾರೆ.

ಚರಣ ಆರಾಮಾಗಿ ಬರುತ್ತೆ, ಪಲ್ಲವಿ ಬಂದಾಗ ಗಂಟಲು ಕಟ್ಟುತ್ತೆ. ಯಾಕೆ?

ಶ್ರುತಿಯನ್ನು ಚರಣ ನೋಡಿ ಆರಿಸಿದ್ದೀರಿ. ಚರಣ ಮತ್ತು ಪಲ್ಲವಿಯ ತುದಿಯ ನಡುವೆ ಒಂದೂವರೆ ಸ್ಥಾಯಿ ಅಂತರ ಇರಬಹುದು. ಗಂಡಸರ ಹಾಡಿನ ತುದಿಯ ಸ್ವರವನ್ನು ಕೊರಿಯನ್ನರು ‘ಎರಡನೇ ಸ್ಥಾಯಿಯ ಲಾ’, ‘ಮೂರನೇ ಸ್ಥಾಯಿಯ ದೊ’ ಎಂದು ಎಣಿಸುತ್ತಾರೆ. ಲಾ ಎಂದರೆ ಹಾರ್ಮೋನಿಯಂನ ನಡು ಸಿ ಮೇಲಿನ ಎ, ದೊ ಎಂದರೆ ಅದರಾಚೆಯ ಸಿ. ತರಬೇತಿ ಇಲ್ಲದ ಗಂಡುದನಿ ಅಷ್ಟರೊಳಗೇ ಬಿರಿಯುತ್ತದೆ.

ಹೀಗೆ ಮಾಡಿ. ಹಾಡಿನ ಅತಿ ಎತ್ತರದ ಸ್ವರ ಯಾವುದು ಎಂದು ಕೀಬೋರ್ಡ್‌ನಲ್ಲಿ ಹುಡುಕಿ. ನೀವು ಐದು ಸಲ ಸತತವಾಗಿ, ಕೂಗದೆ ಮುಟ್ಟಬಲ್ಲ ಎತ್ತರದ ಸ್ವರವನ್ನು ಗುರುತಿಸಿ. ಎರಡರ ನಡುವಿನ ಅರೆಸ್ವರಗಳನ್ನು (ಪಕ್ಕಪಕ್ಕದ ಎರಡು ಕೀಗಳ ಅಂತರ ಒಂದು ಅರೆಸ್ವರ) ಎಣಿಸಿ ಅಷ್ಟು ಇಳಿಸಿ, ಜೊತೆಗೆ ಇನ್ನೊಂದು ಇಳಿಸಿ. ಹೆಂಗಸರು ಗಂಡಸರ ಹಾಡು ಹಾಡುವುದಾದರೆ ಸಾಮಾನ್ಯವಾಗಿ ನಾಲ್ಕೈದು ಅರೆಸ್ವರ ಏರಿಸಬೇಕಾಗುತ್ತದೆ. ಆಪ್‌ನಲ್ಲಿ ಟ್ರ್ಯಾಕ್ ಇಳಿಸುವಾಗ ಮೂರ್ನಾಲ್ಕು ಅರೆಸ್ವರ ದಾಟಿದರೆ ಪಿಯಾನೊ ಡಬ್ಬ ಬಡಿದಂತೆ ಕೇಳುತ್ತದೆ. ಆಗ ಆ ಟ್ರ್ಯಾಕ್ ಬಿಟ್ಟು ಬೇರೆ ಶ್ರುತಿಯಲ್ಲಿ ನುಡಿಸಿದ್ದನ್ನು ಹುಡುಕಿ.

ಕೇಳೋರಿಗೆ ಅಳು ಬರೋ ಹಾಗೆ ಹಾಡೋದು ಹೇಗೆ?

ನೀವು ಅಳಬೇಡಿ. ಅಳುವಾಗ ಗಂಟಲು ಬಿಗಿದು ಸ್ವರ ಚಪ್ಪಟೆಯಾಗುತ್ತದೆ, ಉಸಿರು ತುಂಡಾಗುತ್ತದೆ. ಮೊದಲ ಚರಣವನ್ನು ಫೋನಿನಲ್ಲಿ ಮಾತಾಡುವಷ್ಟೇ ದನಿಯಲ್ಲಿ ಹಾಡಿ. ಮೈಕ್ ಬಾಯಿಂದ ನಾಲ್ಕು ಬೆರಳು ದೂರ, ಕೊನೆಯ ಪಲ್ಲವಿಯಲ್ಲಿ ಒಂದು ಗೇಣು. ಸಾಲಿನ ಕೊನೆಯ ಸ್ವರ ಮೊದಲು ನೇರ ನಿಲ್ಲಲಿ, ಕಂಪನ ಅದರ ಕೊನೆಯ ಮೂರನೇ ಒಂದು ಭಾಗಕ್ಕೆ ಮಾತ್ರ. ಎಲ್ಲ ಸ್ವರಕ್ಕೂ ಕಂಪನ ಕೊಟ್ಟರೆ ನೋವು ಹೋಗಿ ನಡುಕ ಉಳಿಯುತ್ತದೆ. ಉಸಿರನ್ನು ‘ನುಂದೆ’ಯಂಥ ನೇತಾಡುವ ತುದಿಯ ನಂತರ ತೆಗೆದುಕೊಳ್ಳಿ, ಆ ಉಸಿರು ಕೇಳಿಸಿದರೂ ಚಿಂತೆಯಿಲ್ಲ. ಧ್ವನಿಮುದ್ರಣಗಳಲ್ಲಿ ಬೇಕೆಂದೇ ಉಳಿಸಿರುತ್ತಾರೆ.

ಸೊಮೊರಿ ದನಿಯ ಅನುಕರಣೆಯನ್ನು ಮಾತ್ರ ಬೇಡ ಎನ್ನುತ್ತೇವೆ. ದನಿಯನ್ನು ಹಿಂದಕ್ಕೆಳೆದು ತುಂಬಿಸುವುದರಿಂದ ಎರಡು ಹಾಡಿನೊಳಗೆ ಗಂಟಲು ಒಣಗುತ್ತದೆ.

ಕರ್ನಾಟಕ ಸಂಗೀತ ಹತ್ತು ವರ್ಷ ಕಲ್ತಿದ್ದೀನಿ. ಆದ್ರೂ ಇದು ನನ್ನ ಬಾಯಲ್ಲಿ ಕೀರ್ತನೆ ಥರ ಕೇಳ್ಸುತ್ತೆ!

ಗ ಮತ್ತು ನಿಯನ್ನು ಆಡಿಸುತ್ತಿದ್ದೀರಿ. ಹೆಚ್ಚಿನ ಬ್ಯಾಲಡ್‌ಗಳ ಸ್ವರಗಳು ಶಂಕರಾಭರಣದವು, ಗಂಟಲು ತಾನಾಗಿ ಗಮಕಕ್ಕೆ ಹೋಗುತ್ತದೆ. ಕೆಳಗೆ ಪಿಯಾನೊ ಅದೇ ಗಾಂಧಾರವನ್ನು ಅಲುಗದೆ ಹಿಡಿದಿರುತ್ತದೆ, ಎರಡೂ ಉಜ್ಜುತ್ತವೆ. ಮೊದಲು ಸಾಹಿತ್ಯ ಬಿಟ್ಟು, ಸರಳೆ ವರಸೆಯ ಮೊದಲ ಕಾಲದಲ್ಲಿ ಹಾಡುವಂತೆ ರಾಗವನ್ನು ಬೋಳು ಸ್ವರದಲ್ಲಿ ಹಾಡಿ. ಉಸಿರು, ಶ್ರುತಿಯ ಹಿಡಿತದಲ್ಲಿ ಉಳಿದವರಿಗಿಂತ ನೀವು ಮುಂದಿರುತ್ತೀರಿ.

ಸೋಲ್‌ಗೆ ಹೋಗ್ತಿದ್ದೀನಿ. ನೊರೆಬಾಂಗ್‌ನಲ್ಲಿ ಹಾಡೋಕೆ ಏನು ಗೊತ್ತಿರಬೇಕು?

ನೊರೆಬಾಂಗ್ ಎಂದರೆ ‘ಹಾಡಿನ ಕೋಣೆ’. 1991ರಲ್ಲಿ ಬುಸಾನ್‌ನಲ್ಲಿ ಶುರುವಾಗಿ ಕೆಲವೇ ವರ್ಷದಲ್ಲಿ ದೇಶ ತುಂಬಿತು. ಪ್ರತಿ ಹಾಡಿಗೂ ಒಂದು ಸಂಖ್ಯೆ. ಟಿಜೆ ಮತ್ತು ಕುಮ್‌ಯಂಗ್ ಎಂಬ ಎರಡು ಕಂಪನಿಗಳ ಯಂತ್ರಗಳಲ್ಲಿ ಸಂಖ್ಯೆ ಬೇರೆ ಬೇರೆ, ಎರಡನ್ನೂ ಬರೆದುಕೊಂಡು ಹೋಗಿ. ರಿಮೋಟ್‌ನಲ್ಲಿ ಶ್ರುತಿ ಏರಿಸುವ ಇಳಿಸುವ ಗುಂಡಿ, ಗಂಡು-ಹೆಣ್ಣು ಶ್ರುತಿ ಬದಲಿಸುವ ಗುಂಡಿ, ನಡುವಿನ ವಾದ್ಯಭಾಗ ಹಾರಿಸುವ ‘ಕಾನ್ಜು ಜಂಪ್’ ಇರುತ್ತವೆ. ಒಬ್ಬರೇ ಹೋಗುವುದಾದರೆ ಹಾಡಿಗಿಷ್ಟು ಎಂದು ಹಣ ಹಾಕುವ ಕಾಯಿನ್ ನೊರೆಬಾಂಗ್ ಸಾಕು. ಕೊನೆಗೆ ಯಂತ್ರ ಕೊಡುವ ಅಂಕವನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಸೋಜು (ಕೊರಿಯನ್ನರ ಮದ್ಯ) ಮತ್ತು ಅಗಲಿಕೆಯ ಹಾಡಿನ ನಂಟು ಹಳೆಯದು. 2003ರಲ್ಲಿ ಇಮ್ ಛಂಗ್-ಜಂಗ್ ಹಾಡಿದ, ಕುಡಿದು ಹಳೆಯ ಪ್ರಿಯತಮೆಗೆ ಫೋನ್ ಮಾಡುವವನ ಹಾಡು ಇಂದಿಗೂ ಅಲ್ಲಿ ಸವೆಯದ ನಾಣ್ಯ. 360 ಮಿಲಿಲೀಟರ್ ಬಾಟಲಿಯಲ್ಲಿ ಸುಮಾರು ಏಳು ಲೋಟ. ಇಬ್ಬರು ಕೂತರೆ ಸಮ ಹಂಚಿಕೆ ಆಗುವುದಿಲ್ಲ, ಇನ್ನೊಂದು ಬಾಟಲಿ ಬರುತ್ತದೆ.

## ಇನ್ನೂ ಒಳಗೆ

ಎಲ್ಲ ಹಾಡಿನ ಕೆಳಗೂ ಅದೇ ಇಳಿಯುವ ಥರದ ಸಂಗೀತ ಕೇಳುತ್ತೆ. ಅದೇನು?

ಇಳಿಯುವ ಮಂದ್ರ (ಬೇಸ್). ಸಿ ಶ್ರುತಿಯಲ್ಲಿ ಸ್ವರಮೇಳಗಳು (ಕಾರ್ಡ್) ಹೀಗೆ: ಸಿ, ಬಿ ಮಂದ್ರದ ಮೇಲೆ ಜಿ, ಎ ಮೈನರ್, ಜಿ ಮಂದ್ರದ ಮೇಲೆ ಸಿ, ಎಫ್, ಇ ಮಂದ್ರದ ಮೇಲೆ ಸಿ, ಡಿ ಮೈನರ್, ಜಿ. ಎಡಗೈಯಷ್ಟನ್ನೇ ಕೇಳಿದರೆ ಸ ನಿ ದ ಪ ಮ ಗ ರಿ, ಶಂಕರಾಭರಣದ ಅವರೋಹಣ. ರಾಗ ಮೇಲೇರುತ್ತಿದ್ದರೂ ನೆಲ ಕುಸಿಯುತ್ತಿರುವ ಅನುಭವ ಬರುವುದು ಇದರಿಂದ.

ಇನ್ನೊಂದು ಚಳಕ ಎಫ್ ಆದ ಮೇಲೆ ಎಫ್ ಮೈನರ್. ಒಂದೇ ಸ್ವರ ಬದಲಾಗುತ್ತದೆ: ಚತುಶ್ರುತಿ ಧೈವತ ಶುದ್ಧ ಧೈವತಕ್ಕೆ ಇಳಿಯುತ್ತದೆ. ಶಂಕರಾಭರಣದ ನಡುವೆ ಅರೆಗಳಿಗೆ ಸರಸಾಂಗಿ ಸುಳಿದಂತೆ. ಸಾಹಿತ್ಯದಲ್ಲಿ ‘ಸುಖವಾಗಿರು’ ಎಂಬಂಥ ಮಾತು ಬರುವಲ್ಲಿ ಇದನ್ನು ಹಾಕುತ್ತಾರೆ, ಹಾಡುವವರು ನಕ್ಕರೂ ಪಿಯಾನೊ ಗುಟ್ಟು ಬಿಟ್ಟುಕೊಡುತ್ತದೆ.

ಕೊನೆಯ ಪಲ್ಲವಿಯಲ್ಲಿ ಶ್ರುತಿ ಏರಿದಾಗ ನಮ್ಮ ಹಾರ್ಮೋನಿಯಂನವರು ತಪ್ಪುತ್ತಾರೆ. ಉಪಾಯ ಇದೆಯಾ?

ಏರಿಕೆ ಅರೆಸ್ವರ ಅಥವಾ ಪೂರ್ಣಸ್ವರ. ಬಿಳಿ ಒಂದರಿಂದ ಕರಿ ಒಂದಕ್ಕೆ ಹೋದರೆ ಬೆರಳುಗಳೆಲ್ಲ ಬದಲು. ಶುರುವಿನ ಶ್ರುತಿಗಿಂತ ಕೊನೆಯ ಶ್ರುತಿಯನ್ನು ಸುಲಭದ್ದಾಗಿ ಇಟ್ಟುಕೊಂಡು ಹಿಂದಕ್ಕೆ ಲೆಕ್ಕ ಹಾಕಿ. ತಿರುವಿನಲ್ಲಿ ಹೊಸ ಶ್ರುತಿಯ ಪಂಚಮದ ಸ್ವರಮೇಳ ಒಂದು ಬಾರ್ ಬರಬೇಕು. ಸಿಯಿಂದ ಡಿಗೆ ಹೋಗಲು ಎ ಸೆವೆನ್. ಗಾಯಕರು ಹೊಸ ಷಡ್ಜವನ್ನು ಹಿಡಿಯುವುದು ಅದರಿಂದಲೇ. ಶ್ರುತಿಪೆಟ್ಟಿಗೆ, ತಂಬೂರಿ ಆಪ್ ಆಫ್ ಆಗಿರಲಿ. ಹಳೆಯ ಷಡ್ಜ ಕೆಳಗೆ ಗುನುಗುತ್ತಿದ್ದರೆ ಎಂಥ ಗಾಯಕರೂ ಅಪಸ್ವರವೇ.

ಕನ್ನಡದಲ್ಲಿ ಅದೇ ಟ್ಯೂನಿಗೆ ಬರೆಯೋಕೆ ಹೊರಟೆ, ಅಕ್ಷರ ಕೂರ್ತಿಲ್ಲ.

ಎರಡು ಲೆಕ್ಕ ಬೇಕು, ಅಕ್ಷರ ಸಂಖ್ಯೆ ಮತ್ತು ಗುರು-ಲಘು. ‘ಜಿನ್‌ಶಿಮುರೊ ಸರಂಗ್‌ಹೆನ್ನುಂದೆ’ ಎಂಬ ಮಾತು ನಾಲ್ಕು ಮತ್ತು ಐದು, ಒಟ್ಟು ಒಂಬತ್ತು ಉಚ್ಚಾರಘಟಕ. ‘ಮನಸಾರೆ ಪ್ರೀತಿಸಿದ್ದೆನಲ್ಲ’ ಎಂದರೆ ಹತ್ತು, ಒಂದು ಹೆಚ್ಚಾಯಿತು. ‘ಮನಸಾರೆ ಒಲಿದೆನಲ್ಲ’ ಎಂದರೆ ಸರಿಯಾಗಿ ಒಂಬತ್ತು. ಕೊರಿಯನ್‌ನಲ್ಲಿ ಇಂದು ಹ್ರಸ್ವ-ದೀರ್ಘದ ಭೇದ ಹೆಚ್ಚುಕಡಿಮೆ ಅಳಿಸಿಹೋಗಿದೆ, ಯಾವ ಸ್ವರವನ್ನು ಎಳೆದರೂ ನಡೆಯುತ್ತದೆ. ಕನ್ನಡದಲ್ಲಿ ಲಘುವನ್ನು ಎಳೆದರೆ ಪದವೇ ಬೇರೆಯಾಗುತ್ತದೆ. ಟ್ಯೂನಿನ ಉದ್ದ ಸ್ವರ ಮೂರನೆಯದರಲ್ಲಿದ್ದರೆ ‘ಸಾ’ ಅಲ್ಲಿ ಕೂರುತ್ತದೆ, ಎರಡನೆಯದರಲ್ಲಿದ್ದರೆ ಬೇರೆ ಪದ ಹುಡುಕಿ. ಪಲ್ಲವಿಯ ತುದಿಯ ಸ್ವರಕ್ಕೆ ಆ ಅಥವಾ ಓ ಇಡಿ, ಇ ಇಟ್ಟರೆ ಎತ್ತರದಲ್ಲಿ ದನಿ ಕಿರಿದಾಗುತ್ತದೆ.

ಹಾಗೆ ಬರೆದು ಹಾಡಿ ಯೂಟ್ಯೂಬ್‌ಗೆ ಹಾಕಬಹುದಾ?

ಮೂಲ ಭಾಷೆಯಲ್ಲೇ ಹಾಡಿದ ಕವರ್ ಆದರೆ ಸಾಮಾನ್ಯವಾಗಿ ಹಕ್ಕುದಾರರ ಕ್ಲೇಮ್ ಬಂದು ಜಾಹೀರಾತಿನ ಹಣ ಅವರಿಗೆ ಹೋಗುತ್ತದೆ, ವಿಡಿಯೊ ಉಳಿಯುತ್ತದೆ. ಸಾಹಿತ್ಯ ಬದಲಿಸಿದರೆ ಮಾತು ಬೇರೆ: ಅನುವಾದ, ರೂಪಾಂತರ ಎರಡೂ ಕರ್ತೃವಿನ ಹಕ್ಕು, ಬರಹದ ಅನುಮತಿ ಬೇಕು. ಹಳೆಯ ಹಾಡು, ಬರೆದವರು ತೀರಿಕೊಂಡಿದ್ದಾರೆ ಎಂಬ ನೆಪ ನಡೆಯದು. ಲೇಖಕರ ಮರಣದ ನಂತರ ಕೊರಿಯಾದಲ್ಲಿ 70 ವರ್ಷ, ಭಾರತದಲ್ಲಿ 60 ವರ್ಷ ಹಕ್ಕು ಉಳಿಯುತ್ತದೆ. 1987ರಲ್ಲಿ ತೀರಿಕೊಂಡ ಯೂ ಜೇ-ಹಾ ಅವರ ಹಾಡುಗಳಿಗೂ ಕೊರಿಯಾದಲ್ಲಿ 2057ರ ಕೊನೆವರೆಗೆ ಕಾಯಬೇಕು. ಪಕ್ಕವಾದ್ಯದ ಟ್ರ್ಯಾಕ್‌ಗೆ ಬೇರೆಯೇ ಹಕ್ಕುದಾರರಿರುತ್ತಾರೆ, ಆದ್ದರಿಂದ ಪಿಯಾನೊ ನೀವೇ ನುಡಿಸಿಕೊಂಡರೆ ಒಂದು ತಲೆನೋವು ಕಡಿಮೆ.